ನೂರು ಮಕ್ಕಳ ಬಿಸಿಯೂಟ: ಉಗ್ರಾಣದ ಬೇಳೆ ತಟ್ಟೆ ತಲುಪಬೇಕಾದರೆ

ಬಿಸಿಯೂಟ ಸರಿಯಿಲ್ಲ ಎಂಬ ಮಾತು ಬಂದಾಗ ಮೊದಲು ಬೈಗುಳ ತಿನ್ನುವವರು ಅಡುಗೆಯವರು, ಆಮೇಲೆ ರೇಷನ್ನು. ಮಗುವಿನ ಹೊಟ್ಟೆ ಸೇರಬೇಕಾದ್ದು ಸೋರಿಹೋಗುವ ಸಂದುಗೊಂದುಗಳ ಕಡೆ ಯಾರೂ ನೋಡುವುದಿಲ್ಲ. ಅಕ್ಕಿ ತೊಳೆದ ನೀರು, ಅರೆಬೆಂದ ಬೇಳೆ, ತಳ ಮುಟ್ಟದ ಸೌಟು, ತಟ್ಟೆಯ ಅಂಚಿಗೆ ಸರಿದ ಮೂಲಂಗಿ ಹೋಳು, ಇವೇ ಆ ಸಂದುಗಳು. ಇಲ್ಲಿ ಹೇಳಿರುವುದು ಮೈಸೂರು-ಮಂಡ್ಯ ಕಡೆ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಗೆ, ಅಂದರೆ ಶಾಲೆಯಲ್ಲೇ ಒಲೆ ಹೊತ್ತಿಸಿ ನೂರರ ಆಸುಪಾಸು ಮಕ್ಕಳಿಗೆ ಬೇಯಿಸುವ ಕಡೆಗೆ. ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬರುವ ನಗರದ ಶಾಲೆಯವರು ಬಡಿಸುವ ಭಾಗಕ್ಕೆ ನೇರವಾಗಿ ಹೋಗಬಹುದು.

ಲೆಕ್ಕ ಹಾಜರಿಯಿಂದ ಶುರು

ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹವಾಗಿ ಶುರುವಾದ ಈ ಊಟ ಈಗ ಕೇಂದ್ರದ ಪಿಎಂ ಪೋಷಣ್ ಯೋಜನೆಯ ಲೆಕ್ಕದಲ್ಲಿ ನಡೆಯುತ್ತದೆ. ದಿನಕ್ಕೆ ಒಂದು ಮಗುವಿಗೆ ಹೀಗೆ: 1ರಿಂದ 5ನೇ ತರಗತಿಗೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. 6ರಿಂದ 8ಕ್ಕೆ ಅಕ್ಕಿ 150, ಬೇಳೆ 30, ತರಕಾರಿ 75, ಎಣ್ಣೆ 7.5 ಗ್ರಾಂ. ಇದರಿಂದ ಚಿಕ್ಕವರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು, ದೊಡ್ಡವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಬೇಕು ಎಂಬುದು ಗುರಿ.

ಗಮನಿಸಿ: ಎಲ್ಲ ಪದಾರ್ಥದಲ್ಲೂ ಚಿಕ್ಕವರಿಗೆ ಎರಡು ಪಾಲಾದರೆ ದೊಡ್ಡವರಿಗೆ ಮೂರು ಪಾಲು. ಬಡಿಸುವಾಗ ಈ ಎರಡು-ಮೂರರ ಲೆಕ್ಕ ತುಂಬ ಕೆಲಸಕ್ಕೆ ಬರುತ್ತದೆ.

60 ಚಿಕ್ಕವರು, 40 ದೊಡ್ಡವರು ಅಂದುಕೊಳ್ಳಿ. ಆ ದಿನಕ್ಕೆ ಬೇಕಾದ್ದು ಅಕ್ಕಿ 12 ಕೆಜಿ, ಬೇಳೆ 2.4 ಕೆಜಿ, ತರಕಾರಿ 6 ಕೆಜಿ, ಎಣ್ಣೆ 600 ಗ್ರಾಂ. ದಾಖಲಾತಿ ಪುಸ್ತಕದ ಸಂಖ್ಯೆ ನೋಡಿ ಅಳೆಯಬೇಡಿ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ತರಗತಿವಾರು ತಲೆ ಎಣಿಸಿ, ಆ ಚೀಟಿ ಅಡುಗೆಮನೆಗೆ ಹೋದ ಮೇಲೆ ಅಕ್ಕಿ ತೂಗಲಿ. ಸಂತೆಯ ದಿನ, ಊರ ಹಬ್ಬದ ಮಾರನೆಯ ದಿನ, ನಾಟಿ-ಕುಯಿಲಿನ ಕಾಲದಲ್ಲಿ ಹಾಜರಿ ತಟ್ಟನೆ ಬೀಳುತ್ತದೆ. ಅಂದಾಜಿನ ಮೇಲೆ ಬೇಯಿಸಿದರೆ ಅನ್ನ ಉಳಿಯುತ್ತದೆ. ಮಾರನೇ ದಿನ ಅದನ್ನು ಸರಿದೂಗಿಸಲು ಬೇಳೆ ಕಡಿಮೆ ಹಾಕುವುದು ಶುರುವಾಗುತ್ತದೆ.

ಅಳೆಯಲು ಡಬ್ಬ, ಪಾವು, ಸೇರು ಬೇಡ. ತಕ್ಕಡಿಯೇ ಬೇಕು. ಒಂದೇ ಡಬ್ಬದಲ್ಲಿ ತೊಗರಿಬೇಳೆ ಒಂದು ತೂಕ, ಹೆಸರುಬೇಳೆ ಇನ್ನೊಂದು ತೂಕ ಬರುತ್ತದೆ.

ಉಗ್ರಾಣ

ಮೂಟೆಗಳು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇರಲಿ. ಹಳೆಯ ಮೂಟೆ ಮುಂದೆ, ಹೊಸದು ಹಿಂದೆ. ಹುಳ ಕಂಡರೆ ಜರಡಿ ಹಿಡಿದು, ಮೊರದಲ್ಲಿ ಕೇರಿ, ಒಣ ಬೇವಿನ ಸೊಪ್ಪು ಇಡಿ. ಮೂಟೆಗೆ ಹಾಕುವ ಮಾತ್ರೆ, ಪುಡಿ ಯಾವುದೂ ಶಾಲೆಯ ಉಗ್ರಾಣದ ಬಾಗಿಲು ದಾಟಬಾರದು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಕೀಟನಾಶಕ ಬೆರೆತ ಅಡುಗೆಯಿಂದ. ಖಾಲಿಯಾದ ಔಷಧಿ ಕ್ಯಾನು ಎಷ್ಟು ತೊಳೆದರೂ ಅಡುಗೆ ಎಣ್ಣೆಗೆ, ನೀರಿಗೆ ಆಗುವುದಿಲ್ಲ. ಕಬ್ಬು, ಭತ್ತಕ್ಕೆ ಔಷಧಿ ಹೊಡೆಯುವ ನಮ್ಮ ಊರುಗಳಲ್ಲಿ ಅಂಥ ಕ್ಯಾನು ಹಿತ್ತಲಿಗೊಂದು ಸಿಗುತ್ತದೆ. ಯಾರೋ ಒಳ್ಳೆಯ ಮನಸ್ಸಿನಿಂದಲೇ ತಂದುಕೊಟ್ಟರೂ ತೆಗೆದುಕೊಳ್ಳಬೇಡಿ.

ಅನ್ನ

ಶಾಲೆಗೆ ಸಾರವರ್ಧಿತ ಅಕ್ಕಿ ಬಂದಿದ್ದರೆ ಗಮನಿಸಿ. ನೂರು ಕಾಳಿಗೆ ಒಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಕಾಳು ಅದರಲ್ಲಿ ಬೆರೆತಿರುತ್ತದೆ. ಅದು ಅಕ್ಕಿಹಿಟ್ಟಿನಿಂದಲೇ ಮಾಡಿದ ಕಾಳು. ಬಣ್ಣ ತುಸು ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ಇದನ್ನೇ 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆಯುವ ಅಡುಗೆಮನೆಗಳು ಇನ್ನೂ ಇವೆ. 12 ಕೆಜಿಯಲ್ಲಿ ಆ ಕಾಳು ಇರುವುದೇ ಸುಮಾರು 120 ಗ್ರಾಂ. ಅದನ್ನು ಎಸೆದರೆ ಸರ್ಕಾರ ಸೇರಿಸಿ ಕಳಿಸಿದ್ದೆಲ್ಲ ತಿಪ್ಪೆಗೆ ಹೋದ ಹಾಗೆ.

ಎರಡು ನೀರಿನಲ್ಲಿ ತೊಳೆದರೆ ಸಾಕು. ನೀರು ತಿಳಿಯಾಗುವವರೆಗೆ ಉಜ್ಜಿದರೆ ಬಿ ಗುಂಪಿನ ಜೀವಸತ್ವ ಜೊತೆಗೆ ಹೋಗುತ್ತದೆ. ಗಂಜಿ ಬಸಿಯಬೇಡಿ. ಕೆಜಿ ಅಕ್ಕಿಗೆ ಎರಡರಿಂದ ಎರಡೂಕಾಲು ಲೀಟರ್ ಕುದಿಯುವ ನೀರಿಟ್ಟು, ಅಷ್ಟೂ ಅಕ್ಕಿಯೇ ಕುಡಿಯುವಂತೆ ಬೇಯಿಸಿ. ಹೊಸ ಅಕ್ಕಿಯಾದರೆ ನೀರು ಕಡಿಮೆ ಸಾಕು. ಮೂಟೆ ಬದಲಾದ ದಿನ ಅರ್ಧ ಕೆಜಿ ಬೇಯಿಸಿ ನೋಡಿಕೊಳ್ಳುವುದು ಜಾಣತನ. 12 ಕೆಜಿಯನ್ನು ಒಂದೇ ತಪ್ಪಲೆಗೆ ಸುರಿದರೆ ತಳ ಸೀದು ಮೇಲೆ ಅಕ್ಕಿಯಾಗಿಯೇ ಉಳಿಯುತ್ತದೆ. ಆರಾರು ಕೆಜಿಯ ಎರಡು ತಪ್ಪಲೆ ಇಡಿ. ಬೆಂದ ಅನ್ನ ಸುಮಾರು 30 ಕೆಜಿ ಬರುತ್ತದೆ.

ಬೇಳೆ ಬೇಯದಿದ್ದರೆ ಸಾಂಬಾರು ಬರೀ ಬಣ್ಣದ ನೀರು

ಅತಿ ಹೆಚ್ಚು ಕೈಕೊಡುವುದು ಇಲ್ಲೇ. ಬೇಳೆ ಕರಗದೆ ತಳದಲ್ಲಿ ಕೂತರೆ ಮೊದಲ ಸಾಲಿನ ಮಕ್ಕಳಿಗೆ ತಿಳಿನೀರು, ಕೊನೆಯ ಸಾಲಿಗೆ ಕಾಳುಕಾಳು ಗಟ್ಟಿ. ಬೇಯದಿರಲು ಕಾರಣ ಸಾಮಾನ್ಯವಾಗಿ ಮೂರು.

ಒಂದನೆಯದು ನೀರು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಜೊತೆ ಗಂಟುಹಾಕಿಕೊಂಡು ಅದನ್ನು ಇನ್ನೂ ಬಿಗಿ ಮಾಡುತ್ತವೆ. ಎಷ್ಟು ಕೂಗು ಕೂಗಿಸಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಸ್ನಾನಕ್ಕೆ ಸೋಪು ನೊರೆ ಬಾರದ ನೀರು ಬೇಳೆಗೂ ಆಗದು ಎಂದೇ ತಿಳಿಯಿರಿ. ಕಾವೇರಿ ನೀರಿನ ನಲ್ಲಿ ಇದ್ದರೆ ಅದನ್ನು ಬೇಳೆಗೆ ಎತ್ತಿಡಿ, ಬೋರ್ ನೀರು ಪಾತ್ರೆ ತೊಳೆಯಲು ಇರಲಿ. ಅದಿಲ್ಲದಿದ್ದರೆ ಹಿಂದಿನ ಸಂಜೆಯೇ ಹತ್ತು ಲೀಟರ್ ನೀರು ಚೆನ್ನಾಗಿ ಕುದಿಸಿ ಮುಚ್ಚಿಡಿ. ಬೆಳಿಗ್ಗೆ ತಳದ ಬಿಳಿ ಗಸಿ ಕದಡದಂತೆ ಮೇಲಿನದನ್ನು ಮಾತ್ರ ಬಗ್ಗಿಸಿಕೊಳ್ಳಿ. ಗಡಸುತನ ಪೂರ್ತಿ ಹೋಗದಿದ್ದರೂ ಬೇಳೆ ಬೇಯುವಷ್ಟು ತಗ್ಗುತ್ತದೆ.

ಎರಡನೆಯದು ಹುಣಸೆಹುಳಿ ಮತ್ತು ಟೊಮೆಟೊವನ್ನು ಬೇಳೆಯ ಜೊತೆಗೇ ಹಾಕಿಬಿಡುವುದು. ಹುಳಿ ಬಿದ್ದ ಮೇಲೆ ಬೇಳೆ, ತರಕಾರಿ ಎರಡೂ ಮೆತ್ತಗಾಗುವುದು ನಿಧಾನ. ಮೂರನೆಯದು ಹಳೇ ಬೇಳೆ. ಅದಕ್ಕೆ ಮದ್ದು ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ನೆನೆಸುವುದು. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದೇನೋ ನಿಜ, ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವ ಅದರಲ್ಲಿ ನಾಶವಾಗುತ್ತದೆ. ಸೋಡಾ ಡಬ್ಬ ಅಡುಗೆಮನೆಯಲ್ಲಿ ಇರದಿದ್ದರೇ ಲೇಸು.

2.4 ಕೆಜಿ ಬೇಳೆಗೆ ಏಳು ಲೀಟರ್ ನೀರು, ಎರಡು ಚಮಚ ಎಣ್ಣೆ, ಅರಿಸಿನ ಹಾಕಿ. ಕುಕ್ಕರು 20 ಲೀಟರಿನದಾಗಿರಲಿ, ಅರ್ಧಕ್ಕಿಂತ ಮೇಲೆ ತುಂಬಬೇಡಿ. ನೊರೆ ಉಕ್ಕಿ ಆವಿ ಹೋಗುವ ತೂತು ಕಟ್ಟಿಕೊಂಡಾಗಲೇ ಕುಕ್ಕರು ಸಿಡಿಯುವುದು. ಒಲೆಗೆ ಇಡುವ ಮುನ್ನ ದಿನಾಲೂ ಆ ತೂತಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಆವಿ ತಾನಾಗಿ ಇಳಿಯುವ ಮೊದಲು ಮುಚ್ಚಳಕ್ಕೆ ಕೈ ಹಾಕಬೇಡಿ.

ಇನ್ನು ತರಕಾರಿ. 6 ಕೆಜಿಯನ್ನು ಹೀಗೆ ಹಂಚಿಕೊಂಡರೆ ಒಳ್ಳೆಯದು: ಸಿಹಿಕುಂಬಳ ಅಥವಾ ಸೀಮೆಬದನೆ 2 ಕೆಜಿ, ಕ್ಯಾರೆಟ್, ಹುರುಳಿಕಾಯಿ, ಗೆಡ್ಡೆಕೋಸಿನಂಥದ್ದು ಒಂದೂವರೆ, ಸೊಪ್ಪು 1, ಟೊಮೆಟೊ 1, ಈರುಳ್ಳಿ ಅರ್ಧ. ಆಲೂಗಡ್ಡೆ ಹಾಕಲೇಬೇಕೆಂದರೆ ಒಂದು ಕೆಜಿ ಮೀರದಿರಲಿ. ತೂಕದ ಪುಸ್ತಕದಲ್ಲಿ ಅದು ತರಕಾರಿ, ಹೊಟ್ಟೆಗೆ ಹೋದ ಮೇಲೆ ಅನ್ನದ ತಮ್ಮ. ಹೋಳುಗಳು ಬೆರಳಿನ ಉಗುರಿನಷ್ಟಿರಲಿ. ದೊಡ್ಡ ಹೋಳನ್ನು ಮಕ್ಕಳು ಆರಿಸಿ ಪಕ್ಕಕ್ಕಿಡುತ್ತಾರೆ, ಚಿಕ್ಕದನ್ನು ಅನ್ನದ ಜೊತೆ ಕಲಸಿ ನುಂಗುತ್ತಾರೆ.

ಸೊಪ್ಪಿನ ವಿಷಯದಲ್ಲಿ ನಮ್ಮ ಸೀಮೆ ಪುಣ್ಯವಂತ ಸೀಮೆ. ದಂಟು, ಕೀರೆ, ಹೊನಗೊನ್ನೆ, ಸಬ್ಬಸಿಗೆ ಕಾಸಿಗೆ ಕಂತೆ ಸಿಗುತ್ತದೆ. ಬಸ್ಸಾರು, ಮಸ್ಸೊಪ್ಪು ತಿಂದು ಬೆಳೆದ ಮಕ್ಕಳಿಗೆ ಸೊಪ್ಪಿನ ವಾಸನೆ ಹೊಸದಲ್ಲ. ಶಾಲೆಯ ಕಾಂಪೌಂಡಿನಲ್ಲಿ ಎರಡು ನುಗ್ಗೆಗಿಡ ನೆಟ್ಟರೆ ಸೊಪ್ಪಿನ ಖರ್ಚೇ ಇಲ್ಲ. ನುಗ್ಗೆಸೊಪ್ಪಿನ ಕಡ್ಡಿ ಪೂರ್ತಿ ಬಿಡಿಸಬೇಕು. ಒಂದು ಕಡ್ಡಿ ಗಂಟಲಿಗೆ ಚುಚ್ಚಿದರೆ ಆ ಮಗು ತಿಂಗಳು ಸೊಪ್ಪು ಮುಟ್ಟುವುದಿಲ್ಲ. ಸೊಪ್ಪನ್ನು ಮೊದಲು ಉಪ್ಪುನೀರಿನಲ್ಲಿ, ಆಮೇಲೆ ಎರಡು ಸಲ ಬರೀ ನೀರಿನಲ್ಲಿ ತೊಳೆದು, ಅದಾದ ಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸಾರವೂ ನೀರಿನ ಜೊತೆ ಹೋಗುತ್ತದೆ.

ಹಾಕುವ ಕ್ರಮ ಇಷ್ಟು: ಅರ್ಧ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಗಟ್ಟಿ ತರಕಾರಿ ಹಾಕಿ ನೀರಿಟ್ಟು ಮುಚ್ಚಿ ಬೇಯಿಸಿ. ಅದು ಬೆಂದ ಮೇಲೆ ಟೊಮೆಟೊ, 150 ಗ್ರಾಂ ಹುಣಸೆಹಣ್ಣಿನ ರಸ, 180ರಿಂದ 200 ಗ್ರಾಂ ಸಾಂಬಾರು ಪುಡಿ, ಕಡೆದ ಬೇಳೆ. ಕುದಿ ಬಂದಾಗ ಸೊಪ್ಪು. ಅಲ್ಲಿಂದ ಆರೇಳು ನಿಮಿಷ ಸಾಕು. ಅಯೋಡಿನ್ ಉಪ್ಪು ಕೊನೆಯಲ್ಲಿ, 160 ಗ್ರಾಂ. ಅಯೋಡಿನ್ ಹೆಚ್ಚು ಹೊತ್ತು ಕುದಿದಷ್ಟೂ ಆವಿಯಾಗುತ್ತದೆ. ಉಳಿದ ಎಣ್ಣೆ ಒಗ್ಗರಣೆಗೆ. ಒಲೆ ಆರಿಸಿದ ಮೇಲೆ ಐದಾರು ನಿಂಬೆಹಣ್ಣು ಹಿಂಡಿದರೆ ಸೊಪ್ಪು, ಬೇಳೆಯ ಕಬ್ಬಿಣಾಂಶ ಮೈಗೆ ಹತ್ತಲು ಅನುಕೂಲ. ಆ ದಿನ ಹುಣಸೆ ಸ್ವಲ್ಪ ಕಡಿಮೆ ಮಾಡಿ.

ಒಟ್ಟು ಸಾಂಬಾರು 20 ಲೀಟರ್ ಆಗಬೇಕು, ಹೆಚ್ಚಾಗಬಾರದು. ಇದಕ್ಕೊಂದು ಸುಲಭ ದಾರಿ: ಪಾತ್ರೆಗೆ ಒಮ್ಮೆ 20 ಲೀಟರ್ ನೀರು ಅಳೆದು ಸುರಿದು, ಆ ಮಟ್ಟಕ್ಕೆ ಒಳಗಡೆ ಮೊಳೆಯಿಂದ ಗೀರು ಹಾಕಿಸಿಬಿಡಿ. ಹೊತ್ತಾಯಿತು, ಸಾಲದು ಅಂತ ಚೊಂಬು ನೀರು ಸುರಿಯುವ ಅಭ್ಯಾಸಕ್ಕೆ ಆ ಗೀರೇ ಲಗಾಮು.

ಹಾಲು, ಮೊಟ್ಟೆ

2013ರಲ್ಲಿ ಶುರುವಾದ ಕ್ಷೀರಭಾಗ್ಯದ ಲೆಕ್ಕ ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, 10 ಗ್ರಾಂ ಸಕ್ಕರೆ, 150 ಮಿ.ಲೀ. ಹಾಲು. ನೂರು ಮಕ್ಕಳಿಗೆ 1.8 ಕೆಜಿ ಪುಡಿ, 15 ಲೀಟರ್ ಹಾಲು. ಸಕ್ಕರೆ 1 ಕೆಜಿ ದಾಟಬಾರದು. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಖಂಡಿತ. ಉಗುರುಬೆಚ್ಚಗಿನ ಎರಡು ಲೀಟರ್ ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿಕೊಂಡು, ಸೋಸಿ, ಉಳಿದ ನೀರಿಗೆ ಸೇರಿಸಿ ಕಾಯಿಸಿ. ಹಾಲು ಬೆಳಿಗ್ಗೆಯೇ ಕೊಟ್ಟು ಮುಗಿಸಿ. ಊಟದ ಹೊತ್ತಿಗೆ ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಸೊಪ್ಪಿನ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಸ್ಸು ಹಿಡಿಯುವ ಆತುರದಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದ ಮಗುವಿಗೆ ಅದೇ ನಾಷ್ಟಾ. ಹಾಲಿಗೆ ರಾಗಿ ಪುಡಿ ಸೇರುವ ದಿನಗಳಂತೂ ಇನ್ನೂ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಮಿಕ್ಕು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಇಂಡಾಫ್ ರಾಗಿ ತಳಿಗಳು ಹುಟ್ಟಿದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ಇರುವ ಮಂಡ್ಯ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಮುದ್ದೆ ಯಾಕೆ ಮಾಡಬಾರದು ಎಂದು ಕೇಳುವವರಿಗೆ: ನೂರು ಮಕ್ಕಳವರೆಗೆ ಇರುವುದು ಇಬ್ಬರೇ ಅಡುಗೆಯವರು. ಅವರು ನೂರು ಮುದ್ದೆ ಕಟ್ಟುವಷ್ಟರಲ್ಲಿ ಮೊದಲನೆಯದು ಕಲ್ಲಾಗಿರುತ್ತದೆ.

ಮೊಟ್ಟೆ 2024ರಿಂದ ವಾರದ ಆರೂ ದಿನ ಇದೆ. ಬಿಸಿಲು ಬೀಳದ ಕಡೆ, ಟ್ರೇಯಲ್ಲಿ ಚೂಪು ತುದಿ ಕೆಳಗೆ ಮಾಡಿಡಿ. ಬೇಯಿಸುವ ಮುನ್ನವಷ್ಟೇ ತೊಳೆಯಿರಿ. ಮೊದಲೇ ತೊಳೆದಿಟ್ಟರೆ ಸಿಪ್ಪೆಯ ಮೇಲಿನ ರಕ್ಷಾಪದರ ಹೋಗಿ ಬೇಗ ಕೆಡುತ್ತದೆ. ನೀರಿನಲ್ಲಿ ತೇಲಿದ್ದು, ಬಿರುಕು ಬಿಟ್ಟದ್ದು ಎತ್ತಿಹಾಕಿ. ಎರಡು ಪದರಕ್ಕಿಂತ ಹೆಚ್ಚು ಪೇರಿಸದೆ ತಣ್ಣೀರಿನಲ್ಲೇ ಇಟ್ಟು, ಕುದಿ ಬಂದ ಮೇಲೆ ಹನ್ನೆರಡು ನಿಮಿಷ ಬಿಟ್ಟು, ಕೂಡಲೇ ತಣ್ಣೀರಿಗೆ ಹಾಕಿ. ಒಳಗಿನ ಹಳದಿಯ ಸುತ್ತ ಹಸಿರು ಬಳೆ ಕಂಡರೆ ಅದು ಹೆಚ್ಚು ಬೆಂದದ್ದು. ಕೆಟ್ಟದ್ದಲ್ಲ, ತಿನ್ನಬಹುದು. ಸಿಪ್ಪೆ ಬಿಡಿಸಿ ಬುಟ್ಟಿಯಲ್ಲಿ ಗಂಟೆಗಟ್ಟಲೆ ಇಡಬೇಡಿ, ಬಡಿಸುವ ಹೊತ್ತಿಗೆ ಬಿಡಿಸಿದರೆ ಸಾಕು.

ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತೇವೆ. ಎರಡನ್ನೂ ಸರಿಸಮ ಅಂದುಕೊಳ್ಳಬೇಡಿ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಬಂದರೆ ಹೆಚ್ಚು. ಅಂಥ ಮಕ್ಕಳು ಹತ್ತೋ ಹದಿನೈದೋ ಇದ್ದರೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ದಾನಿಗಳನ್ನು ಹಿಡಿದು ಹುರುಳಿಕಾಳು ಅಥವಾ ಹೆಸರುಕಾಳಿನ ಗುಗ್ಗರಿಗೆ ದಾರಿ ಮಾಡಬಹುದು. ಮಗುವಿಗೆ 25 ಗ್ರಾಂ ಒಣಕಾಳು ಮೊಟ್ಟೆಯ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಹಿಂದಿನ ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕುಕ್ಕರಿನಲ್ಲಿ ಒಂದೇ ಸಲಕ್ಕೆ ಬೇಯುತ್ತದೆ.

ರುಚಿ ನೋಡುವುದು, ಮುಚ್ಚಿಡುವುದು

ಒಬ್ಬ ಶಿಕ್ಷಕರು, ಸಾಧ್ಯವಾದರೆ ಒಬ್ಬ ಪೋಷಕರು, ಬಡಿಸುವ ಅರ್ಧ ಗಂಟೆ ಮೊದಲು ಉಂಡು ನೋಡಿ ವಹಿಯಲ್ಲಿ ಸಹಿ ಹಾಕಲಿ. ಚಮಚದ ತುದಿ ನೆಕ್ಕುವುದು ರುಚಿ ನೋಡಿದ ಹಾಗಲ್ಲ, ಒಂದು ತುತ್ತು ಅನ್ನ-ಸಾಂಬಾರು ಕಲಸಿ ತಿನ್ನಬೇಕು. ಎಲ್ಲದರಿಂದಲೂ ಒಂದೊಂದು ಬಟ್ಟಲು ಮುಚ್ಚಿ, ದಿನಾಂಕ ಬರೆದು 24 ಗಂಟೆ ಎತ್ತಿಡಿ. ಏನಾದರೂ ಹೆಚ್ಚುಕಡಿಮೆಯಾದರೆ ಕಾರಣ ಹುಡುಕಲು ಅದೇ ಆಧಾರ.

ಹಲ್ಲಿ ಬಿದ್ದರೆ? ಮನೆಹಲ್ಲಿಯಲ್ಲಿ ವಿಷವಿಲ್ಲ, ಆದರೆ ಅದರ ಮೈಮೇಲೆ, ಹಿಕ್ಕೆಯಲ್ಲಿ ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ತೆಗೆದುಹಾಕಿ ಇನ್ನೊಮ್ಮೆ ಕುದಿಸಿ ಬಡಿಸುವ ಯೋಚನೆ ಬೇಡ, ಪಾತ್ರೆಯಷ್ಟೂ ಚೆಲ್ಲಿ. ಒಲೆಯ ನೇರ ಮೇಲೆ ದೀಪ ಇದ್ದರೆ ಹುಳ ಬರುತ್ತದೆ, ಹುಳಕ್ಕೆ ಹಲ್ಲಿ ಬರುತ್ತದೆ. ದೀಪವನ್ನು ಪಕ್ಕದ ಗೋಡೆಗೆ ಸರಿಸಿ.

ಉಳಿದ ಅನ್ನ ನಾಳೆಯ ಚಿತ್ರಾನ್ನಕ್ಕೆ ಆಗುವುದಿಲ್ಲ. ಹೊರಗೇ ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಸಾಯುವುದಿಲ್ಲ.

ಬಡಿಸುವುದು

ಎರಡು-ಮೂರರ ಲೆಕ್ಕ ಇಲ್ಲಿ ಬರುತ್ತದೆ. 80 ಮಿ.ಲೀ. ಹಿಡಿಯುವ ಸೌಟು ಒಂದು ಆರಿಸಿಕೊಳ್ಳಿ. ಔಷಧಿ ಅಳೆಯುವ ಲೋಟದಲ್ಲಿ ನೀರು ಅಳೆದು ನೋಡಿದರೆ ಸಾಕು. ಚಿಕ್ಕವರಿಗೆ ಎರಡು ಸೌಟು, ದೊಡ್ಡವರಿಗೆ ಮೂರು. 60 ಚಿಕ್ಕವರು, 40 ದೊಡ್ಡವರಿಗೆ ಒಟ್ಟು 240 ಸೌಟು, ಅಂದರೆ 19 ಲೀಟರ್ ಚಿಲ್ಲರೆ. 20 ಲೀಟರಿನಲ್ಲಿ ಸರಿಯಾಗಿ ಕೂರುತ್ತದೆ. ಅನ್ನಕ್ಕೂ 125 ಗ್ರಾಂ ಹಿಡಿಯುವ ಬಟ್ಟಲು, ಅದೇ ಎರಡು, ಅದೇ ಮೂರು. ಒಂದನೇ ತರಗತಿಯ ಮಕ್ಕಳಿಗೆ ಎರಡು ಬಟ್ಟಲು ಅನ್ನವನ್ನೂ ಒಟ್ಟಿಗೆ ಬಡಿಸಬೇಡಿ. ಒಂದು ತಿಂದ ಮೇಲೆ ಇನ್ನೊಂದು. ತಟ್ಟೆ ತುಂಬ ಅನ್ನ ಕಂಡರೆ ಸಣ್ಣ ಮಕ್ಕಳು ಅರ್ಧಕ್ಕೇ ಎದ್ದುಬಿಡುತ್ತಾರೆ.

ಪ್ರತಿ ಐದು ತಟ್ಟೆಗೊಮ್ಮೆ ಬಕೆಟ್ಟಿನ ಸಾಂಬಾರನ್ನು ತಳದಿಂದ ತಿರುವಿ. ಚಿಕ್ಕ ಮಾತು ಅನ್ನಿಸಬಹುದು, ಆದರೆ ಬೇಳೆ ಎಷ್ಟು ಚೆನ್ನಾಗಿ ಬೆಂದರೂ ಹತ್ತು ನಿಮಿಷದಲ್ಲಿ ತಳ ಸೇರುತ್ತದೆ.

ಕೈ ತೊಳೆಯಲು ಸೋಪು ಬಚ್ಚಲಲ್ಲಿ ಬಿದ್ದು ಕರಗುವುದೇ ಎಲ್ಲ ಕಡೆಯ ದೂರು. ಬಲೆಚೀಲದಲ್ಲೋ ಹಳೇ ಕಾಲುಚೀಲದಲ್ಲೋ ಹಾಕಿ ನಲ್ಲಿಗೆ ಕಟ್ಟಿ. ವಾರದ ಕಬ್ಬಿಣಾಂಶದ ಮಾತ್ರೆ ಕೊಡುವ ದಿನ ಊಟ ಆದ ಮೇಲೆಯೇ, ನೀರಿನ ಜೊತೆ ಕೊಡಿ. ಖಾಲಿ ಹೊಟ್ಟೆಯಲ್ಲಿ ನುಂಗಿದ ಮಗುವಿಗೆ ಹೊಟ್ಟೆ ತೊಳಸಿದರೆ ಮುಂದಿನ ವಾರ ಇಡೀ ತರಗತಿ ಮಾತ್ರೆ ಬೇಡ ಅನ್ನುತ್ತದೆ. ಮಲ ಕಪ್ಪಗಾಗುವುದು ಸಹಜ ಎಂದು ಮನೆಯವರಿಗೂ ಮೊದಲೇ ಹೇಳಿ.

ಗೇಟಿನ ಹೊರಗೆ

ಹನ್ನೊಂದು ಗಂಟೆಗೆ ಐದು ರೂಪಾಯಿಯ ಕುರುಕಲು ಪೊಟ್ಟಣ ತಿಂದ ಮಗು ಒಂದು ಗಂಟೆಗೆ ಉಣ್ಣುವುದಿಲ್ಲ. ಅದರಲ್ಲಿರುವುದು ಎಣ್ಣೆ, ಉಪ್ಪು ಅಷ್ಟೆ, ಆದರೆ ಹಸಿವು ಸಾಯಲು ಅದು ಸಾಕು. ಶಾಲೆಯ ಆವರಣದಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ವಿಪರೀತ ಇರುವ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಆದರೆ ಹಳ್ಳಿಯಲ್ಲಿ ಅಂಗಡಿಯವರೂ ನಮ್ಮವರೇ. ನಿಯಮ ತೋರಿಸಿ ಜಗಳಕ್ಕೆ ನಿಲ್ಲುವ ಬದಲು ಕಡಲೆಕಾಯಿ, ಸೀಬೆಹಣ್ಣು, ಹುರಿಗಡಲೆ-ಬೆಲ್ಲ ಇಟ್ಟು ಮಾರುವಂತೆ ಎಸ್‌ಡಿಎಂಸಿ ಅಧ್ಯಕ್ಷರು ಹೇಳಿದರೆ ಕೆಲಸ ಬೇಗ ಆಗುತ್ತದೆ. ಬೆಲ್ಲಕ್ಕಂತೂ ಆಲೆಮನೆಯ ಊರಲ್ಲಿ ಬರವಿಲ್ಲ.

ಎಂಜಲು ಬಕೆಟ್

ತಿಂಗಳಿಗೆ ಒಂದು ವಾರ ತಟ್ಟೆ ತೊಳೆಯುವ ಜಾಗದಲ್ಲಿ ಎರಡು ಬಕೆಟ್ ಇಡಿ: ಒಂದಕ್ಕೆ ಅನ್ನ, ಇನ್ನೊಂದಕ್ಕೆ ತರಕಾರಿ ಹೋಳು. ದಿನಾ ತೂಗಿ, ಆ ದಿನದ ಅಡುಗೆಯ ಪಕ್ಕದಲ್ಲಿ ಬರೆಯಿರಿ. ಅನ್ನ ಮೂರು ಕೆಜಿ ಮೀರಿದರೆ ಹಾಜರಿ ಲೆಕ್ಕ ತಪ್ಪಿದೆ, ಇಲ್ಲವೇ ಮಕ್ಕಳು ಹೊರಗೆ ತಿಂದು ಬಂದಿದ್ದಾರೆ. ಅನ್ನ ಖಾಲಿಯಾಗಿ ತರಕಾರಿ ಬಕೆಟ್ ಮಾತ್ರ ತುಂಬಿದರೆ ಹೋಳು ದೊಡ್ಡದಾಗಿದೆ ಅಥವಾ ಬೆಂದಿಲ್ಲ. ಒಂದೇ ತರಗತಿಯ ಸಾಲಿನಿಂದ ಹೆಚ್ಚು ಬರುತ್ತಿದ್ದರೆ ಅವರಿಗೆ ಕೊನೆಯಲ್ಲಿ, ತಣ್ಣಗಾದ ಮೇಲೆ ಬಡಿಸುತ್ತಿದ್ದೀರಿ. ನಾಳೆಯಿಂದ ಅದೇ ತರಗತಿಯನ್ನು ಮೊದಲು ಕೂರಿಸಿ. ಬಕೆಟ್ಟಿನಲ್ಲಿ ಕರಿಬೇವೇ ಹೆಚ್ಚಿದ್ದರೆ ಒಗ್ಗರಣೆಗೆ ಇಡಿ ಎಲೆ ಹಾಕುವುದು ಬಿಟ್ಟು, ಒಣಗಿಸಿ ಹುರಿದು ಸಾಂಬಾರು ಪುಡಿಯ ಜೊತೆ ಕುಟ್ಟಿ ಹಾಕಿ.